ಎಐಎನ್-93ಎಂ ಪೆಲೆಟ್: ಸ್ಕ್ಯಾನ್ ರೂಮಿನಿಂದ ಕಂಡದ್ದು

ಕ್ಯಾನ್ಸರ್ ಗೆಡ್ಡೆ ಇರುವ ಇಲಿಗಳಿಗೆ ಪೆಟ್ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಚುಚ್ಚಿದ ವಿಕಿರಣ ವಸ್ತು ಮೈಯಲ್ಲಿ ಎಲ್ಲಿ ಸೇರಿತೋ ಅಲ್ಲಿ ಚಿತ್ರ ಹೊಳೆಯುತ್ತದೆ. ಆರು ತಿಂಗಳಿಂದ ಅವಕ್ಕೆ ಎಐಎನ್-93ಎಂ ಪೆಲೆಟ್ ಹಾಕುತ್ತಿದ್ದೇವೆ. ಇದು ಪ್ರಯೋಗದ ಇಲಿಗಳಿಗೆಂದೇ ಅಳೆದು ಮಾಡಿದ ಆಹಾರದ ಉಂಡೆ.

ಮೊದಲು ಹಾಕುತ್ತಿದ್ದದ್ದು ಮಾಮೂಲಿ ಧಾನ್ಯದ ಪೆಲೆಟ್. ಚೀಲದಿಂದ ಚೀಲಕ್ಕೆ ಬಣ್ಣವೇ ಬೇರೆ. ಒಳಗೆ ಎಷ್ಟು ಬೇರೆಯೋ ಗೊತ್ತಾಗುತ್ತಿರಲಿಲ್ಲ. ಅದರಲ್ಲಿದ್ದ ಕುದುರೆ ಮೆಂತೆಯ ಹಸಿರಿನಿಂದ ಫ್ಲೋರೆಸೆನ್ಸ್ ಚಿತ್ರದಲ್ಲಿ (ಬೆಳಕು ಬಿಟ್ಟು ತಿರುಗಿ ಬರುವ ಹೊಳಪನ್ನು ಹಿಡಿಯುವ ಚಿತ್ರ) ಕರುಳೇ ಹೊಳೆಯುತ್ತಿತ್ತು. ಈಗ ಆ ಕಾಟ ಇಲ್ಲ. ಇದು 1993ರಲ್ಲಿ ಪ್ರಕಟವಾದ ಸೂತ್ರ: ನೂರು ಗ್ರಾಮಿಗೆ 14 ಗ್ರಾಂ ಕೇಸೀನ್ (ಹಾಲಿನ ಪ್ರೋಟೀನ್), 4 ಗ್ರಾಂ ಸೋಯಾ ಎಣ್ಣೆ, 10 ಗ್ರಾಂ ಸಕ್ಕರೆ, ಉಳಿದದ್ದರಲ್ಲಿ ಹೆಚ್ಚಿನದು ಮೆಕ್ಕೆಜೋಳದ ಪಿಷ್ಟ. ಕೊಬ್ಬಿನ ಪರಿಣಾಮ ನೋಡಬೇಕಾದರೆ ಎಣ್ಣೆ ಏರಿಸಿ ಪಿಷ್ಟ ಇಳಿಸಿದರಾಯಿತು. ಉಳಿದದ್ದು ಹಾಗೇ ಇರುತ್ತದೆ. ನನಗೆ ತುಂಬಾ ಇಷ್ಟವಾದದ್ದು ಇದೇ.

ಆದರೆ ಒಂದು ತೊಂದರೆ ಇದೆ. ಪೆಲೆಟ್ ಬೇಗ ಪುಡಿಯಾಗುತ್ತದೆ. ಸುಮ್ನೆ ಹೇಳುತ್ತಿಲ್ಲ. ಚೂರು ಪಂಜರದೊಳಗೆ ಬಿದ್ದರೆ, ಸ್ಕ್ಯಾನ್‌ಗೆ ಮೊದಲು ಉಪವಾಸ ಇರಬೇಕಾದ ಇಲಿ ಅದನ್ನೇ ತಿಂದುಬಿಡುತ್ತದೆ. ನಾವು ಚುಚ್ಚುವ ಎಫ್‌ಡಿಜಿ ಅಂದರೆ ಗ್ಲೂಕೋಸಿನಂಥದೇ ವಿಕಿರಣ ವಸ್ತು; ಗೆಡ್ಡೆ ಅದನ್ನು ಹೆಚ್ಚು ಹೀರಿಕೊಂಡು ಹೊಳೆಯುತ್ತದೆ. ಎಫ್‌ಡಿಜಿಯೂ ರಕ್ತದ ಗ್ಲೂಕೋಸೂ ಜೀವಕೋಶದ ಒಂದೇ ಬಾಗಿಲಲ್ಲಿ ನೂಕಾಡುತ್ತವೆ. ಹೊಟ್ಟೆ ತುಂಬಿದ ಇಲಿಯಲ್ಲಿ ಇನ್ಸುಲಿನ್ ಏರಿ, ಎಫ್‌ಡಿಜಿ ಹೃದಯಕ್ಕೆ, ಸ್ನಾಯುಗಳಿಗೆ ಹೋಗಿಬಿಡುತ್ತದೆ. ಗೆಡ್ಡೆಗೆ ಸಿಗುವುದು ಕಡಿಮೆ.

ಕಳೆದ ತಿಂಗಳು ಒಂದು ಇಲಿಯ ಗೆಡ್ಡೆ ಹಿಂದಿನ ವಾರಕ್ಕಿಂತ ಎಷ್ಟೋ ಮಂಕಾಗಿ ಕಂಡಿತು. ಔಷಧಿ ಕೆಲಸ ಮಾಡಿತು ಅಂತ ಎಲ್ಲರಿಗೂ ಖುಷಿ. ನನ್ನ ಕಣ್ಣು ಮಾತ್ರ ಎದೆಯ ಮೇಲೇ ನಿಂತಿತು. ಹೃದಯ ಕೆಂಡದ ಹಾಗೆ ಹೊಳೆಯುತ್ತಿತ್ತು. ಪಂಜರದ ಹತ್ತಿರ ಹೋಗಿ ಕೆಳಗೆ ಹಾಸಿದ್ದ ಮರದ ಪುಡಿ ಕೆದಕಿದೆ. ಮೂಲೆಯಲ್ಲಿ ಬಟಾಣಿ ಗಾತ್ರದ ಪೆಲೆಟ್ ಚೂರು, ಅದರ ಮೇಲೆ ಹೊಸ ಹಲ್ಲಿನ ಗುರುತು. ಪಂಜರಕ್ಕೆ ಅಂಟಿಸಿದ್ದ ಚೀಟಿಯಲ್ಲಿ 'ಉಪವಾಸ' ಅಂತ ಬರೆದಿತ್ತು!

ಈಗ ಮೇಲಿನ ತಟ್ಟೆಯಿಂದ ಪೆಲೆಟ್ ತೆಗೆದರೆ ಸಾಲದು, ಇಲಿಯನ್ನೇ ಬೇರೆ ಪಂಜರಕ್ಕೆ ಬಿಡುತ್ತೇವೆ. ನೀರು ಇರುತ್ತದೆ. ನಾಲ್ಕು ಗಂಟೆ ಕಳೆದ ಮೇಲೆ ಬಾಲದ ತುದಿಯಿಂದ ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಿ, ಆಮೇಲೆ ಚುಚ್ಚುತ್ತೇವೆ. ಚುಚ್ಚುವ ಮೊದಲೂ ಆಮೇಲೂ 30 ಡಿಗ್ರಿ ಬೆಚ್ಚಗೆ ಇಡುವುದಂತೂ ಬೇಕೇ ಬೇಕು. ಚಳಿಯಾದರೆ ಮೈ ಬೆಚ್ಚಗಿಡುವ ಕಂದು ಕೊಬ್ಬು ಹೊಳೆಯಲು ಶುರುವಾಗುತ್ತದೆ, ಅದಕ್ಕೆ ಯಾವ ಪೆಲೆಟ್ಟೂ ಮದ್ದಲ್ಲ.

ತರಿಸುವವರು ಗಟ್ಟಿ ಪೆಲೆಟ್ ಕೇಳಿ. ಚೀಲ ಒಡೆದ ಮೇಲೆ ಫ್ರಿಜ್‌ನಲ್ಲಿಡಿ. ಹಳೆಯದರಿಂದ ಇದಕ್ಕೆ ಬದಲಾಯಿಸಿದರೆ ಒಂದೆರಡು ವಾರವಾದರೂ ಬಿಟ್ಟು ಸ್ಕ್ಯಾನ್ ಮಾಡಿ.

ಆ ಇಲಿಯನ್ನು ಎರಡು ದಿನ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿದೆವು. ಚಿತ್ರದಲ್ಲಿ ಹೃದಯ ಮಂಕಾಗಿತ್ತು. ಗೆಡ್ಡೆ ಮೊದಲಿನಷ್ಟೇ ಹೊಳೆಯುತ್ತಿತ್ತು.