ಹಸಿರು ದೀಪ ನೋಡಿ ಬಿಲ್ಲಿಗೆ ಸಹಿ ಹಾಕಬೇಡಿ

ಹೊರಗಿನವರಿಂದ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರುಗಳನ್ನು ತಂತಿಯಿಂದ ಒಂದಕ್ಕೊಂದು ಜೋಡಿಸುವ ಪೆಟ್ಟಿಗೆ) ಹಾಕಿಸುವವರಿದ್ದರೆ, ಹಣ ಕೊಡುವ ಮುನ್ನ ಅವರ ಕಣ್ಣೆದುರೇ ಅದರ ವಿದ್ಯುತ್ ತೆಗೆದು ಮತ್ತೆ ಕೊಡಿ. ಮುಧೋಳ ತಾಲ್ಲೂಕಿನ ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಆ ಪರೀಕ್ಷೆಯನ್ನು ಮಾಡಿದ್ದು ಕೈಕೊಟ್ಟ ಯುಪಿಎಸ್. ಅದೂ ಕಬ್ಬು ನುರಿಸುವ ಹಂಗಾಮಿನ ನಡುವೆ, ರಾತ್ರಿ ಹೊತ್ತು.

ಗುತ್ತಿಗೆದಾರನ ಹುಡುಗ ಸ್ವಿಚ್ಚಿಗೆ ನೇರವಾಗಿ ಆದೇಶ ಕೊಡುವ ತಿಳಿನೀಲಿ ಕನ್ಸೋಲ್ ಕೇಬಲ್ಲನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಆದೇಶ ಟೈಪಿಸುವ ‘ಪುಟ್ಟಿ’ ತಂತ್ರಾಂಶ ತೆರೆದು, ಚಕಚಕನೆ ಆದೇಶ ಕೊಟ್ಟಿದ್ದ. ತೂಕದ ಕಾಟಾದ ಕಂಪ್ಯೂಟರಿಗೆ ಬೇರೆ ವಿಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲ), ಕ್ಯಾಮೆರಾಗಳಿಗೆ ಬೇರೆ. ಎಲ್ಲವೂ ನಡೆಯಿತು. ಲೆಕ್ಕಪತ್ರ ವಿಭಾಗದವರು ಸ್ವಿಚ್ಚಿನ ಹಸಿರು ದೀಪ ನೋಡಿ ಬಿಲ್ಲಿಗೆ ಸಹಿ ಹಾಕಿದರು.

ಸಿಸ್ಕೊ ಮಾದರಿಯ ಸ್ವಿಚ್‌ಗಳಲ್ಲಿ ಕೊಟ್ಟ ಆದೇಶ ಆ ಕ್ಷಣವೇ ಜಾರಿಗೆ ಬರುತ್ತದೆ, ಆದರೆ ತಾತ್ಕಾಲಿಕ ಸ್ಮೃತಿಯಲ್ಲಿ ಮಾತ್ರ. ‘ಕಾಪಿ ರನ್ನಿಂಗ್-ಕಾನ್ಫಿಗ್ ಸ್ಟಾರ್ಟ್‌ಅಪ್-ಕಾನ್ಫಿಗ್’ ಎಂದು ಉಳಿಸದಿದ್ದರೆ ವಿದ್ಯುತ್ ಹೋದೊಡನೆ ಅಳಿಸಿಹೋಗುತ್ತದೆ. ಆ ರಾತ್ರಿ ಸ್ವಿಚ್ ಮತ್ತೆ ಎದ್ದಾಗ ಪೋರ್ಟ್‌ಗಳೆಲ್ಲ (ತಂತಿ ಸಿಕ್ಕಿಸುವ ಕಿಂಡಿಗಳು) ಮೂಲ ಸ್ಥಿತಿಯಾದ ವಿಲ್ಯಾನ್ 1ರಲ್ಲಿದ್ದವು, ಕಾಟಾದಿಂದ ಸರ್ವರಿಗಿದ್ದ ದಾರಿ ಕಡಿದಿತ್ತು. ದೀಪಗಳು ಮೊದಲಿನಂತೆಯೇ ಹಸಿರು! ತಂತಿ ಕೂಡಿದೆ ಎಂಬುದಷ್ಟೇ ದೀಪಕ್ಕೆ ಗೊತ್ತು. ಪೋರ್ಟ್ ಯಾವ ವಿಲ್ಯಾನಿನಲ್ಲಿದೆ ಎಂಬುದು ‘ಶೋ ಇಂಟರ್‌ಫೇಸಸ್ ಸ್ಟೇಟಸ್’ನಂಥ ಆದೇಶ ಕೊಟ್ಟು ಕೇಳಿದರೆ ಮಾತ್ರ ಕಾಣುತ್ತದೆ.

ಕೇಳೋಣವೆಂದರೆ ಕನ್ಸೋಲಿಗೆ ಪಾಸ್‌ವರ್ಡ್. ಆ ಹುಡುಗ ಮೊದಲಿಗೆ ಪಾಸ್‌ವರ್ಡ್ ಹಾಕಿ ಉಳಿಸಿದ್ದ, ಉಳಿದ ಕೆಲಸವನ್ನು ಉಳಿಸಿರಲಿಲ್ಲ. ಗುತ್ತಿಗೆದಾರರಿಗೆ ಫೋನ್ ಮಾಡಿದರೆ, ‘ಸರ್, ನಾನು ವಿಜಯಪುರದಲ್ಲಿದ್ದೇನೆ, ನಾಳೆ ಬರುತ್ತೇನೆ’ ಎಂಬ ಉತ್ತರ. ಪಾಸ್‌ವರ್ಡ್ ಫೋನಿನಲ್ಲಿ ಹೇಳಲು ಒಪ್ಪಲಿಲ್ಲ. ಅದು ಅವರ ಕಂಪನಿಯ ಗುಟ್ಟಂತೆ, ನಮ್ಮ ಹಣದ ಸ್ವಿಚ್ಚಿಗೆ.

ಹೊರಗೆ ಟ್ರ್ಯಾಕ್ಟರುಗಳ ಸಾಲು ರಸ್ತೆಗೆ ಬಂದಿತ್ತು. ಕಾಟಾದ ತೂಕ ಸರ್ವರಿಗೆ ಹೋಗದೆ ಚೀಟಿ ಬರುವುದಿಲ್ಲ. ‘ಸಾಹೇಬರೇ, ಕಡಿದ ಕಬ್ಬು ಒಣಗಿ ತೂಕ ಇಳಿದರೆ ಆ ದುಡ್ಡು ಯಾರು ಕೊಡುತ್ತೀರಿ?’ ಎಂದು ಹಿರಿಯ ರೈತರೊಬ್ಬರು ಕೇಳಿದರು. ಉತ್ತರವಿರಲಿಲ್ಲ. ಕೈಯಲ್ಲೇ ಚೀಟಿ ಬರೆಯಲು ಶುರುಮಾಡಿದೆವು.

ಕೊನೆಗೆ ಸ್ವಿಚ್ಚಿನ ಮುಂದಿನ ‘ಮೋಡ್’ ಗುಂಡಿ ಒತ್ತಿಹಿಡಿದು ವಿದ್ಯುತ್ ಕೊಟ್ಟು, ಬೂಟ್ ಲೋಡರಿನಲ್ಲಿ (ಸ್ವಿಚ್ಚನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ) ಪಾಸ್‌ವರ್ಡ್ ಇದ್ದ ಹಳೆಯ ಕಡತದ ಹೆಸರು ಬದಲಿಸಿ ಒಳಹೊಕ್ಕೆವು. ಈ ದಾರಿಯನ್ನೂ ಮುಚ್ಚಿಹಾಕುವ ಆದೇಶವೊಂದಿದೆ. ಅದನ್ನು ಆ ಹುಡುಗ ಕೊಟ್ಟಿರಲಿಲ್ಲ ಎಂಬುದಷ್ಟೇ ನಮ್ಮ ಪುಣ್ಯ.

ಒಳಹೊಕ್ಕ ಮೇಲೆ ಇನ್ನೊಂದು ಕಂಡಿತು. ಕಾಟಾದ ಕಂಪ್ಯೂಟರಿನ ಕಡೆ 100 ಎಂಬಿಪಿಎಸ್ ವೇಗ, ಫುಲ್ ಡುಪ್ಲೆಕ್ಸ್ (ಒಟ್ಟಿಗೇ ಕಳಿಸಿ ಪಡೆಯುವುದು) ಎಂದು ಗಟ್ಟಿಮಾಡಿ, ಸ್ವಿಚ್ಚಿನ ಕಡೆ ತಾನೇ ಹೊಂದಿಸಿಕೊಳ್ಳುವ ಆಟೋ ಬಿಟ್ಟಿದ್ದರು. ಹೀಗಾದರೆ ಆಟೋ ಇರುವ ಬದಿ ಹಾಫ್ ಡುಪ್ಲೆಕ್ಸಿಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿಯುತ್ತದೆ. ಪೋರ್ಟಿನಲ್ಲಿ ಲೇಟ್ ಕೊಲಿಷನ್ (ತಡವಾಗಿ ಆಗುವ ದತ್ತಾಂಶದ ಡಿಕ್ಕಿ) ಎಣಿಕೆ ಏರುತ್ತಲೇ ಇತ್ತು. ಹಂಗಾಮಿನ ಆರಂಭದಿಂದಲೂ ಕಾಟಾ ನಿಧಾನವೆಂದು ಪಾಪ ಆ ಹಳೆಯ ಕಂಪ್ಯೂಟರನ್ನು ಎಲ್ಲರೂ ಬೈಯುತ್ತಿದ್ದರು.

ಆದ್ದರಿಂದ ಪಾಸ್‌ವರ್ಡನ್ನು ಬರೆಸಿ ಮುಚ್ಚಿದ ಲಕೋಟೆಯಲ್ಲಿ ಇಟ್ಟುಕೊಳ್ಳಿ. ಕನ್ಸೋಲ್ ಕೇಬಲ್ ನಿಮ್ಮದೇ ಇರಲಿ, ಬೆಲೆ ದೊಡ್ಡದಲ್ಲ. ಸ್ವಿಚ್ಚಿಗೆ ಕೊಟ್ಟ ಆದೇಶಗಳ, ಅಂದರೆ ಪೂರ್ತಿ ಕಾನ್ಫಿಗರೇಷನ್ನಿನ ಪ್ರತಿಯನ್ನು ಪುಟ್ಟಿಯ ಲಾಗಿನಲ್ಲಿ ಉಳಿಸಿ ಬೇರೆ ಕಂಪ್ಯೂಟರಿನಲ್ಲಿಡಿ. ನಮ್ಮ ಗುತ್ತಿಗೆದಾರರು ಮರುದಿನ ಬಂದರು. ‘ಸೇವ್ ಮಾಡುವುದು ಕೊಟೇಶನ್ನಿನಲ್ಲಿ ಇರಲಿಲ್ಲ’ ಎಂದು ವಾದಿಸಿ, ಬಂದ ಖರ್ಚಿನ ಬಿಲ್ಲನ್ನೂ ಕೊಟ್ಟರು. ಅದನ್ನು ತಡೆಹಿಡಿದಿದ್ದೇವೆ.