ಅಡುಗೆಮನೆಗೆ ಬಂದುಹೋದ ಉಷಾ

‘ದಿ ಗ್ರೇಟ್ ಇಂಡಿಯನ್ ಕಿಚನ್’ ಚಿತ್ರವನ್ನು ಎರಡನೇ ಸಲ ಅಮ್ಮನ ಜೊತೆ ಕೂತು ನೋಡಿದೆ. ಜಿಯೋ ಬೇಬಿ ನಿರ್ದೇಶಿಸಿದ ಈ ಮಲಯಾಳಂ ಚಿತ್ರ ಬಂದಿದ್ದು 2021ರ ಜನವರಿಯಲ್ಲಿ. ಕಥೆ ತುಂಬಾ ಜನಕ್ಕೆ ಗೊತ್ತು. ಹೊಸದಾಗಿ ಬಂದ ಸೊಸೆ. ಕುಕ್ಕರ್ ಅನ್ನ ಬೇಡ, ಸೌದೆ ಒಲೆಯದ್ದೇ ಆಗಬೇಕು ಅನ್ನುವ ಮಾವ. ಸಿಂಕಿನ ಪೈಪು ಸೋರುತ್ತಿದ್ದರೂ ಪ್ಲಂಬರ್‌ಗೆ ಹೇಳಲು ಮರೆಯುತ್ತಲೇ ಇರುವ ಗಂಡ. ಸೊಸೆಯಾಗಿ ನಿಮಿಷಾ ಸಜಯನ್ ಎಷ್ಟು ಹೊಗಳಿದರೂ ಸಾಲದು. ಆದರೆ ನಾನು ಬರೆಯಬೇಕಿರುವುದು ಉಷಾ ಬಗ್ಗೆ.

ಉಷಾ ಆ ಮನೆಯ ಕೆಲಸದವಳು. ಕಬನಿ ಆ ಪಾತ್ರ ಮಾಡಿದ್ದಾರೆ. ಸೊಸೆ ಮುಟ್ಟಾದಾಗ ಅಡುಗೆಮನೆ ನೋಡಿಕೊಳ್ಳಲು ಬರುತ್ತಾಳೆ. ಕಾಣಿಸುವುದು ಕೆಲವೇ ನಿಮಿಷ. ಮೊದಲ ಸಲ ನಾನು ಅವಳನ್ನು ಸರಿಯಾಗಿ ಗಮನಿಸಿರಲೂ ಇಲ್ಲ. ಮುಟ್ಟಿನ ಈ ಮಡಿ-ಮೈಲಿಗೆಯನ್ನೆಲ್ಲ ತಾನು ಪಾಲಿಸುವುದಿಲ್ಲ ಎಂದು ಅವಳು ಸೊಸೆಗೆ ಹೇಳುತ್ತಾಳೆ. ದೊಡ್ಡ ಮಾತಾಗಿ ಅಲ್ಲ, ಕೆಲಸದ ನಡುವೆ ಸುಮ್ನೆ ಹೇಳಿಬಿಡುತ್ತಾಳೆ.

ಅಮ್ಮ ಅಲ್ಲಿಗೆ ಸಿನಿಮಾ ನಿಲ್ಲಿಸಿದಳು. “ಅಜ್ಜಿ ಮನೆಗೆ ಕೆಲಸಕ್ಕೆ ಬರ್ತಿದ್ದಳಲ್ಲ, ಮುಟ್ಟಾಗಿದ್ದೀಯಾ ಅಂತ ಅವಳನ್ನ ಒಂದು ದಿನ ಆದ್ರೂ ಯಾರಾದ್ರೂ ಕೇಳಿದ್ರಾ?” ಅಂದಳು. ನಿಜ, ಯಾರೂ ಕೇಳಿರಲಿಲ್ಲ. ಅಮ್ಮ ಮೂರು ದಿನ ಪಡಸಾಲೆಯ ಮೂಲೆಯಲ್ಲಿ ಚಾಪೆ ಹಾಕಿಕೊಂಡು ಕೂರುತ್ತಿದ್ದಳು. ತಟ್ಟೆ ಲೋಟ ಬೇರೆ. ಅದೇ ಹೊತ್ತಿಗೆ ಕೆಲಸದಾಕೆ ಬಾವಿಯಿಂದ ನೀರು ಸೇದಿ ಹಂಡೆ ತುಂಬುತ್ತಿದ್ದಳು. ದೇವರಮನೆ ಹೊಸ್ತಿಲ ತನಕ ನೆಲ ಒರೆಸುತ್ತಿದ್ದಳು. ತಿಂಗಳಿಗೆ ಒಂದು ದಿನವೂ ರಜೆ ಹಾಕಿದವಳಲ್ಲ. ಅವಳಿಗೂ ಆ ಮೂರು ದಿನ ಬರುತ್ತಿತ್ತು ಅಲ್ವಾ? ನೀರು ಮೈಲಿಗೆ ಆಗಲಿಲ್ಲ, ಯಾಕೆಂದರೆ ಆ ನೀರು ಬೇಕಿತ್ತು.

ಇನ್ನೊಂದು ವಿಷಯ. ಈ ಚಿತ್ರದಲ್ಲಿ ಸೊಸೆಗೆ ಹೆಸರಿಲ್ಲ, ಗಂಡನಿಗೂ ಇಲ್ಲ. ಉಷಾಗೆ ಇದೆ. ಹೊರಗಿನಿಂದ ಕರೆಸಬೇಕಾದವಳಿಗೆ ಹೆಸರು ಬೇಕು. ಸೊಸೆ ಯಾವಾಗಲೂ ಅಲ್ಲೇ ಒಲೆ ಮುಂದೆ ಇರುತ್ತಾಳೆ, ಹೆಸರು ಹಿಡಿದು ಕೂಗುವುದೇ ಬೇಡ. ಚಿತ್ರದ ಹಾಡೊಂದನ್ನು ಮೃದುಲಾದೇವಿ ಬರೆದಿದ್ದಾರೆ, ಪಾಲುವ ಎಂಬ ದಲಿತರ ನುಡಿಯಲ್ಲಿ. ಆ ದೊಡ್ಡ ಮನೆಯಲ್ಲಿ ಯಾರ ಬಾಯಲ್ಲೂ ಬರದ ನುಡಿ ಅದು. ಉಷಾಳನ್ನು ನೋಡಿದ ಮೇಲೆ ಆ ಹಾಡು ನನಗೆ ಬೇರೆ ಥರ ಕೇಳಿಸಿತು.

ನನ್ನ ತಕರಾರು ಒಂದೇ. ಚಿತ್ರ ಅವಳ ಹಿಂದೆ ಹೋಗುವುದಿಲ್ಲ. ಅವಳ ಮನೆ ಎಲ್ಲಿ, ದಿನಕ್ಕೆ ಎಷ್ಟು ಕೊಡುತ್ತಾರೆ, ಅವಳ ಸ್ವಂತ ಸಿಂಕಿನ ಕೆಳಗೆ ಏನು ಸೋರುತ್ತಿದೆ, ಗೊತ್ತಾಗುವುದಿಲ್ಲ. ಶಬರಿಮಲೆಗೆ ಮಾಲೆ ಹಾಕಿದ ಗಂಡ ಮತ್ತು ಮಾವನ ಮೇಲೆ ಸೊಸೆ ಕೊಳಕು ನೀರು ಎರಚಿ ಹೊರಟಾಗ ನಾನೂ ಅಮ್ಮನೂ ಚಪ್ಪಾಳೆ ತಟ್ಟಿದೆವು. ಅವಳು ಡಾನ್ಸ್ ಕಲಿಸುತ್ತಾಳೆ, ತನ್ನ ದಾರಿ ತಾನು ಹಿಡಿಯುತ್ತಾಳೆ. ಆ ಮನೆಗೆ ಇನ್ನೊಬ್ಬ ಸೊಸೆ ಬರುತ್ತಾಳೆ. ಅವಳು ಮುಟ್ಟಾದ ದಿನ ಮತ್ತೆ ಉಷಾಗೇ ಹೇಳಿಕಳಿಸುತ್ತಾರೆ.