ಇಬ್ಬರು ಕೂತು ಚೆಕ್‌ಮೇಟ್ ಬಿಡಿಸಲು ಲಿಚೆಸ್

ಚದುರಂಗದ ಚೆಕ್‌ಮೇಟ್ ಸಮಸ್ಯೆಗಳನ್ನು ಮಕ್ಕಳ ಜತೆ ಕೂತು ಬಿಡಿಸಬೇಕೆನ್ನುವವರಿಗೆ ಲಿಚೆಸ್ ಜಾಲತಾಣದ ಪಜಲ್ ವಿಭಾಗದಷ್ಟು ಒದಗುವ ಸಾಧನ ನನಗೆ ಬೇರೆ ಕಂಡಿಲ್ಲ. ಆದರೆ ಅದನ್ನು ಫೋನಿನ ಪರದೆಯಲ್ಲೇ ಆಡಿ ಮುಗಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಫ್ರಾನ್ಸಿನ ತಿಬೋ ಡುಪ್ಲೆಸಿ 2010ರಲ್ಲಿ ಆರಂಭಿಸಿದ ಈ ತಾಣ ನಡೆಯುವುದು ದೇಣಿಗೆಯಿಂದ. ಜಾಹೀರಾತಿಲ್ಲ, ಶುಲ್ಕವಿಲ್ಲ, ಖಾತೆ ತೆರೆಯದೆಯೂ ಸಮಸ್ಯೆ ಬಿಡಿಸಬಹುದು. ಇಲ್ಲಿರುವ 40 ಲಕ್ಷಕ್ಕೂ ಮಿಕ್ಕ ಸಮಸ್ಯೆಗಳು ಪಂಡಿತರು ಹೆಣೆದವಲ್ಲ, ಅದೇ ತಾಣದಲ್ಲಿ ಜನರು ಆಡಿದ ಆಟಗಳಿಂದ ಕಂಪ್ಯೂಟರ್ ಹೆಕ್ಕಿ ತೆಗೆದವು. ಹಾಗಾಗಿ ಅವು ನಮ್ಮ ನಿಮ್ಮ ಆಟದಲ್ಲೂ ಎದುರಾಗುವಂಥವು.

ಉಡುಪಿಯಲ್ಲಿ ಮಳೆಗೆ ಜಿಲ್ಲಾಧಿಕಾರಿಗಳು ಶಾಲೆಗೆ ರಜೆ ಕೊಟ್ಟ ದಿನ ಅಕ್ಕನ ಮಗಳು ನಮ್ಮಲ್ಲಿಗೆ ಬಂದರೆ ನಾವು ‘ಎರಡು ನಡೆಯಲ್ಲಿ ಮೇಟ್’ ವಿಭಾಗದ ಒಂದು ಸ್ಥಿತಿಯನ್ನು ಮರದ ಮಣೆಯ ಮೇಲೆ ಜೋಡಿಸಿ, ಫೋನನ್ನು ಮಗುಚಿಟ್ಟು, ಇಬ್ಬರೂ ಒಪ್ಪುವವರೆಗೆ ಕಾಯಿ ಮುಟ್ಟದೆ ಚರ್ಚಿಸುತ್ತೇವೆ. ಒಂದರಲ್ಲಿ ಕಪ್ಪು ರಾಜ ಎಚ್8ರ ಮೂಲೆಯಲ್ಲಿದ್ದ (ಮಣೆಯ ಮನೆಗಳ ಹೆಸರಿನಲ್ಲಿ ಅಕ್ಷರ ಉದ್ದಸಾಲನ್ನು, ಅಂಕೆ ಅಡ್ಡಸಾಲನ್ನು ಹೇಳುತ್ತದೆ). ಜಿ7, ಎಚ್7ರಲ್ಲಿ ಅವನದೇ ಕಾಲಾಳುಗಳು, ಎಫ್8ರಲ್ಲಿ ಅವನ ಆನೆ. ಬಿಳಿಯ ಕುದುರೆ ಎಚ್6ರಲ್ಲಿ, ರಾಣಿ ಸಿ4ರಲ್ಲಿ. ಕುದುರೆ ಕೂಡಲೇ ಎಫ್7ಕ್ಕೆ ಹಾರಿದರೆ ಆನೆ ಹೊಡೆಯುತ್ತದೆ. “ರಾಣಿಯನ್ನು ಜಿ8ರಲ್ಲಿ ಇಟ್ಟರೆ?” ಎಂದೆ. “ಸುಮ್ಮನೆ ಹೋಗ್ತದಲ್ಲ ಮಾವ” ಎಂದಳು. ಹೊಡೆಯುವವರು ಯಾರು ಎಂದು ಕೇಳಿದ ಮೇಲೆ, ಆ ಮನೆಗೆ ಕುದುರೆಯ ಕಾವಲಿರುವುದರಿಂದ ರಾಜ ಹೊಡೆಯುವಂತಿಲ್ಲ, ಆನೆಯೇ ಹೊಡೆಯಬೇಕು, ಹೊಡೆದರೆ ರಾಜನಿಗೆ ಉಳಿದಿದ್ದ ಒಂದೇ ಮನೆಯೂ ಮುಚ್ಚಿಹೋಗಿ ಎಫ್7 ಕಾವಲಿಲ್ಲದೆ ಬೀಳುತ್ತದೆ ಎಂಬುದನ್ನು ಅವಳೇ ಒಂದೊಂದಾಗಿ ಹೇಳಿದಳು. ಕುದುರೆ ಹಾರಿತು, ಮೇಟ್. 1497ರಲ್ಲಿ ಸ್ಪೇನಿನ ಲುಸೇನಾ ಬರೆದ ಪುಸ್ತಕದಲ್ಲೇ ಇರುವ ತಂತ್ರವಿದು. ಐನೂರು ವರ್ಷ ಕಳೆದರೂ ಜನ ಇದಕ್ಕೆ ಬೀಳುವುದು ತಪ್ಪಿಲ್ಲ.

ಇದೇ ಸಮಸ್ಯೆ ಪರದೆಯ ಮೇಲಿದ್ದರೆ ಈ ಮಾತುಕತೆ ಹುಟ್ಟುವುದು ಕಷ್ಟ. ತಪ್ಪು ನಡೆಯ ನಂತರವೂ ಮತ್ತೆ ಪ್ರಯತ್ನಿಸಬಹುದಾದ್ದರಿಂದ, ಫೋನು ಯಾರ ಕೈಯಲ್ಲಿದೆಯೋ ಅವರು ಊಹೆಯ ಮೇಲೆ ಬೆರಳಾಡಿಸುತ್ತಾರೆ, ಪಕ್ಕದವರು ಬರೀ ಪ್ರೇಕ್ಷಕರಾಗುತ್ತಾರೆ. ಖಾತೆ ತೆರೆದವರಿಗೆ ಸಿಗುವ ರೇಟಿಂಗ್ ಅಂಕವೂ ಇಬ್ಬರ ಆಟಕ್ಕೆ ಅನಗತ್ಯ. ಅದನ್ನು ನಿಲ್ಲಿಸುವ ಆಯ್ಕೆಯಿದೆ, ಮೊದಲು ಅದನ್ನು ಬಳಸಿಕೊಳ್ಳಿ. ಸ್ನೇಹಿತರೊಂದಿಗೆ ಆಡಬಹುದಾದ ಪಜಲ್ ರೇಸರ್ ಹೆಸರೇ ಹೇಳುವಂತೆ ಓಟದ ಸ್ಪರ್ಧೆ, ಕೂಡಿ ಯೋಚಿಸುವುದಕ್ಕೆ ಹೇಳಿದ್ದಲ್ಲ.

ನಡೆಗಳ ಲೆಕ್ಕ ಹೇಳುವ ವಿಭಾಗಗಳಿಗೆ ಒಂದು ಮಿತಿ ಇದೆ: ಮೇಟ್ ಇದೆ ಎಂದು ಮೊದಲೇ ಗೊತ್ತಿರುತ್ತದೆ, ನಿಜವಾದ ಆಟದಲ್ಲಿ ಅದನ್ನು ಯಾರೂ ಕಿವಿಯಲ್ಲಿ ಹೇಳುವುದಿಲ್ಲ. ಆದ್ದರಿಂದ ಎರಡು ನಡೆಯ ಮೇಟ್ ಸಲೀಸಾದ ಮಕ್ಕಳಿಗೆ ಮೂರು ನಡೆಯದನ್ನು ಕೊಡುವ ಬದಲು, ಏನನ್ನು ಹುಡುಕಬೇಕೆಂದು ಸುಳಿವು ಕೊಡದ ಮಿಶ್ರ ವಿಭಾಗಕ್ಕೆ ಹೋಗುವುದನ್ನೇ ನಾನು ಶಿಫಾರಸು ಮಾಡುತ್ತೇನೆ.